ಮಡ್ಡಿಯ ಕುರುಚಲು ಕಾಡೂ ಮ್ಯಾಲಿ ನೀಲಗಿರಿಯೂ

ಕಲಬುರಗಿ ನಗರವನ್ನು ಬಿಟ್ಟು ಹುಮನಾಬಾದದ ದಾರಿ ಹಿಡಿದು ಹೊರಟವರಿಗೆ ಮೊದಲು ಕಾಣುವುದು ತೊಗರಿ ಮತ್ತು ಹಿಂಗಾರಿ ಜೋಳದ ಎರೆಹೊಲಗಳು. ಸುಮಾರು 35 ಕಿಲೋಮೀಟರು ಸಾಗಿ ಕಮಲಾಪುರವನ್ನು ಸಮೀಪಿಸುವಷ್ಟರಲ್ಲಿ ನೆಲದ ಬಣ್ಣವು ಬದಲಾಗುವುದು. ಎರೆಯು ತೆಳುವಾಗುತ್ತ ಬಂದು, ಗರಸು ಮೇಲೆದ್ದು, ಕೆಂಪು ಮಣ್ಣಿನ ದಿಬ್ಬಗಳೂ ಕಲ್ಲುಮಡ್ಡಿಗಳೂ ತೋರುವುವು. ಈ ಮಡ್ಡಿಗಳ ಮೇಲೆ ಆಳೆತ್ತರವನ್ನು ಹೆಚ್ಚಾಗಿ ಮೀರದ ಗಿಡಗಳು, ಮುಳ್ಳುಕಂಟಿಗಳು, ಅವುಗಳ ನಡುವೆ ಒಣಹುಲ್ಲು ಇವಿಷ್ಟೇ ಇರುವುದರಿಂದ ಇದನ್ನು ಕುರುಚಲು ಕಾಡೆಂದು ಕರೆಯುವರು. ಇದರಲ್ಲಿ ಕೆಲವು ಭಾಗ ಅರಣ್ಯ ಇಲಾಖೆಗೆ ಸೇರಿದ್ದು, ಕೆಲವು ಭಾಗ ಗಾಯರಾಣ, ಉಳಿದುದು ರೈತರ ಖಾತೆಯಲ್ಲೇ ಇದ್ದು ಉಳುಮೆಗೆ ಬಾರದೆ ಬಿಟ್ಟ ನೆಲ.

ಬೇಸಗೆಯಲ್ಲಿ ಈ ನೆಲವನ್ನು ನೋಡಿದವರು ಇದು ಯಾತಕ್ಕೂ ಬಾರದುದೆಂದು ತೀರ್ಮಾನಿಸುವುದು ಸಹಜವೇ. ಯಂತ್ರವನ್ನು ತರಿಸಿ ಕಂಟಿಗಳನ್ನು ಬೇರುಸಹಿತ ಕಿತ್ತು ನೆಲವನ್ನು ಹಸನು ಮಾಡುವುದು ಈಗ ಒಂದೆರಡು ದಿನಗಳ ಕೆಲಸ. ಹಾಗೆ ಕಿತ್ತ ಮೇಲೆ ಏನಾಗುವುದೆಂಬುದನ್ನು ಮೊದಲೇ ತಿಳಿಯಬೇಕಾದರೆ, ಇಂತಹುದೇ ಕುರುಚಲನ್ನು ವಿಸ್ತಾರವಾಗಿ ಕಿತ್ತು ನೋಡಿದ ಮತ್ತೊಂದು ನಾಡಿನ ಅನುಭವವನ್ನು ವಿಚಾರಿಸುವುದು ಒಳ್ಳೆಯದು. ಆ ನಾಡು ಆಸ್ಟ್ರೇಲಿಯಾ ಖಂಡದ ದಕ್ಷಿಣ ಭಾಗದಲ್ಲಿದೆ. ಅಲ್ಲಿಯ ಕುರುಚಲು ಗಿಡವು, ಈ ಸೀಮೆಯ ರೈತರೆಲ್ಲರೂ ಬಲ್ಲ ನೀಲಗಿರಿಯ ಕುಲಕ್ಕೇ ಸೇರಿದುದು.

ಮ್ಯಾಲಿಯ ಸ್ವರೂಪ

ನೀಲಗಿರಿ ಎಂದೊಡನೆ ಮನಸ್ಸಿಗೆ ಬರುವುದು ತೊಗಟೆ ಸುಲಿದು ಬಿಳುಪೇರಿ ಕಂಬದಂತೆ ನೆಟ್ಟಗೆ ನಿಂತ ಮರ. ಆದರೆ ಈ ಕುಲದಲ್ಲಿ ಸುಮಾರು 700 ಜಾತಿಗಳುಂಟು. ಅವುಗಳಲ್ಲಿ ಬಹುತೇಕ ಎಲ್ಲದರ ಮೂಲವೂ ಆಸ್ಟ್ರೇಲಿಯಾವೇ. 300 ಅಡಿಯನ್ನು ಮುಟ್ಟುವ ಜಾತಿಯೂ ಇವುಗಳಲ್ಲಿದೆ. ಮನೆಯ ಮಾಳಿಗೆಯನ್ನು ದಾಟದ ಜಾತಿಗಳೂ ಇವೆ. ಒಂದೇ ಬೊಡ್ಡೆಯಿಲ್ಲದೆ, ನೆಲದಿಂದಲೇ ಐದಾರು ಅಥವಾ ಹತ್ತು ಹನ್ನೆರಡು ಕಾಂಡಗಳು ಒಟ್ಟಿಗೆ ಎದ್ದು, ತುದಿಯಲ್ಲಿ ಮಾತ್ರ ಕೊಡೆಯಂತೆ ಎಲೆಗಳನ್ನು ಹೊತ್ತು, ಸಾಧಾರಣವಾಗಿ 30 ಅಡಿಯೊಳಗೇ ನಿಲ್ಲುವ ಜಾತಿಗಳನ್ನು ಅಲ್ಲಿ ಮ್ಯಾಲಿ ಎನ್ನುವರು. ಆ ಖಂಡದ ಮೂಲನಿವಾಸಿಗಳ ನುಡಿಯಿಂದ ಬಂದ ಶಬ್ದವಿದು. ಗಿಡಕ್ಕೂ ಅದೇ ಹೆಸರು, ಗಿಡಗಳ ಅಡವಿಗೂ ಅದೇ ಹೆಸರು. ವಿಕ್ಟೋರಿಯಾ ರಾಜ್ಯದ ವಾಯವ್ಯ ಮೂಲೆಯ ಸೀಮೆಗೂ ಅದೇ ಹೆಸರು ನಿಂತುಬಿಟ್ಟಿದೆ.

ಈ ಗಿಡದ ಮುಖ್ಯಭಾಗವು ಕಣ್ಣಿಗೆ ಬೀಳುವಂತಹುದಲ್ಲ. ಬೀಜ ಮೊಳೆತು ಸಸಿಯು ಇನ್ನೂ ಎಳೆಯದಾಗಿರುವಾಗಲೇ ಮೊದಲ ಎಲೆಗಳ ಕಂಕುಳಲ್ಲಿ ಸಣ್ಣ ಗಂಟುಗಳು ಉಬ್ಬುವುವು. ಅವು ಬೆಳೆಬೆಳೆದು ಒಂದಕ್ಕೊಂದು ಕೂಡಿಕೊಂಡು, ಕಾಂಡವೂ ಬೇರೂ ಸೇರುವ ಕಡೆಯಲ್ಲಿ ಮರದಂತೆಯೇ ಗಟ್ಟಿಯಾದ ಒಂದು ಗಡ್ಡೆಯಾಗಿ ಮಣ್ಣಿನೊಳಗೆ ಇಳಿಯುವುವು. ಹಳೆಯ ಗಿಡಗಳಲ್ಲಿ ಈ ಬುಡಗಡ್ಡೆಯು ಕೆಲವು ಅಡಿಗಳಷ್ಟು ಅಗಲವಾಗಿರುವುದು. ಇದರ ತುಂಬ ಮಲಗಿರುವ ಮೊಗ್ಗುಗಳೂ, ಅವು ಎದ್ದಾಗ ಬೇಕಾಗುವ ಆಹಾರಸಂಗ್ರಹವೂ ಇರುವುವು. ಕಾಡುಕಿಚ್ಚು ಬಂದು ಮೇಲಿನ ಕಾಂಡಗಳೆಲ್ಲ ಬೂದಿಯಾದರೂ, ಬರದಿಂದ ಒಣಗಿಹೋದರೂ, ಕೊಡಲಿಯಿಂದ ಕಡಿದರೂ ಗಿಡವು ಸಾಯುವುದಿಲ್ಲ. ಬುಡಗಡ್ಡೆಯಿಂದ ಕುಡಿಗಳ ಗುಂಪೇ ಏಳುವುದು. ಕಬ್ಬು ಕಡಿದ ಮೇಲೆ ಕೂಳೆ ಬರುವುದನ್ನು ನೋಡಿದ ರೈತನಿಗೆ ಇದು ಹೊಸ ಮಾತಲ್ಲ. ಕಬ್ಬಿನ ಕೂಳೆಯು ಎರಡು ಮೂರು ಬೆಳೆಗೆ ಸಪ್ಪೆಯಾಗುವುದು, ಮ್ಯಾಲಿಯ ಕೂಳೆಯು ನೂರಾರು ವರ್ಷ ನಡೆಯುವುದು ಎಂಬುದಷ್ಟೇ ವ್ಯತ್ಯಾಸ. ವಿಕ್ಟೋರಿಯಾದಲ್ಲಿ ನೀಲಿ ಮ್ಯಾಲಿ ಎಂಬ ಜಾತಿಯ ಎಲೆಯಿಂದ ನೀಲಗಿರಿ ಎಣ್ಣೆಯನ್ನು ಇಳಿಸುವರು. ಅದೇ ಬುಡಗಳನ್ನು ಎರಡು ವರ್ಷಕ್ಕೊಮ್ಮೆ ಎಂಬಂತೆ ನೆಲಮಟ್ಟಕ್ಕೆ ಕೊಯ್ಯುತ್ತ ಬಂದಿದ್ದು, ಈ ಕಸುಬಿಗೆ ಒಂದು ಶತಮಾನಕ್ಕೂ ಹೆಚ್ಚಿನ ವಯಸ್ಸಾಗಿದೆ.

ಮ್ಯಾಲಿ ಬೆಳೆಯುವ ಕಡೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 10ರಿಂದ 16 ಅಂಗುಲ. ಮಣ್ಣು ಮರಳು, ಅಥವಾ ಸುಣ್ಣದ ಗರಸು ಕೂಡಿದ ಮಸಾರಿ. ಎಲೆಗಳು ದಪ್ಪವಾಗಿ, ಬಿಸಿಲಿಗೆ ಮೈಯೊಡ್ಡದೆ ಅಂಚನ್ನೊಡ್ಡಿ ಕೆಳಮುಖವಾಗಿ ತೂಗುವುದರಿಂದ ನೀರು ಹೆಚ್ಚಾಗಿ ಆವಿಯಾಗದು. ಬೇರುಗಳು ಬಹಳ ಆಳಕ್ಕೆ ಇಳಿದು, ಬಿದ್ದ ಮಳೆಯನ್ನು ತಳಕ್ಕೆ ಸೋರಗೊಡದೆ ಹೀರಿಬಿಡುವುವು. ಈ ಕಡೆಯ ಮಾತನ್ನು ನೆನಪಿನಲ್ಲಿಡತಕ್ಕುದು. ಮುಂದೆ ಇದೇ ಮುಖ್ಯವಾಗುವುದು.

ಈ ಅಡವಿಯಲ್ಲಿ ಕೋಳಿಯ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಹಕ್ಕಿಯುಂಟು. ಅದು ಮೊಟ್ಟೆಗೆ ಕಾವು ಕೂರುವುದಿಲ್ಲ. ಗುಂಡಿ ತೋಡಿ, ಉದುರಿದ ಮ್ಯಾಲಿ ಎಲೆಯನ್ನು ಅದರಲ್ಲಿ ತುಂಬಿ, ಮಳೆಯಿಂದ ಎಲೆ ನೆನೆದ ಮೇಲೆ ಮರಳನ್ನು ಮುಚ್ಚಿ, ಹತ್ತು ಹದಿನೈದು ಅಡಿ ಅಗಲದ ದಿಬ್ಬವನ್ನೇ ಮಾಡುವುದು. ಎಲೆ ಕೊಳೆಯುವಾಗ ಹುಟ್ಟುವ ಶಾಖವೇ ಮೊಟ್ಟೆಗೆ ಕಾವು. ಗಂಡು ಹಕ್ಕಿಯು ಕೊಕ್ಕನ್ನು ಮರಳಿನಲ್ಲಿ ಇಳಿಸಿ ಶಾಖವನ್ನು ಪರೀಕ್ಷಿಸಿ, ಹೆಚ್ಚಿದರೆ ಮರಳನ್ನು ಕೆದರಿ, ಕಡಮೆಯಾದರೆ ಹೇರಿ, 33 ಡಿಗ್ರಿಯ ಆಸುಪಾಸಿನಲ್ಲಿಯೇ ಅದನ್ನು ನಿಲ್ಲಿಸುವುದು. ತಿಪ್ಪೆಯ ಗುಂಡಿಯಲ್ಲಿ ಕೈಯಿಟ್ಟು ಗೊಬ್ಬರ ಕಳಿತಿದೆಯೋ ಇಲ್ಲವೋ ಎಂದು ನೋಡುವ ಒಕ್ಕಲಿಗನಿಗಿಂತ ಈ ಹಕ್ಕಿಯ ಲೆಕ್ಕವು ಖಚಿತವೆನ್ನಬೇಕು. ಅಡವಿಯು ಹೋದ ಕಡೆಯಲ್ಲೆಲ್ಲ ಇದೂ ಹೋಯಿತು.

ಅಗೆದವರ ಅನುಭವ

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಬಂದು ನೆಲೆಸಿದವರಿಗೆ ಈ ಕುರುಚಲು ನೆಲವು ದಂಡವೆಂದು ಕಂಡಿತು. ಗೋದಿ ಬಿತ್ತಬೇಕೆಂಬುದು ಅವರ ಆಸೆ. ಕಡಿದರೆ ಮತ್ತೆ ಚಿಗುರುವ, ಉತ್ತರೆ ನೇಗಿಲನ್ನು ಮುರಿಯುವ ಈ ಗಡ್ಡೆಗಳೊಡನೆ ಅವರು ಬಹುಕಾಲ ಹೆಣಗಿದರು. ದಕ್ಷಿಣ ಆಸ್ಟ್ರೇಲಿಯಾದ ಮಲೆನ್ಸ್ ಎಂಬ ರೈತನು ಒಂದು ಉಪಾಯವನ್ನು ಹೂಡಿದನು. ಭಾರವಾದ ಉರುಳೆಯನ್ನು ಪ್ರಾಣಿಗಳಿಂದ ಎಳೆಸಿ ಗಿಡಗಳನ್ನು ಮುರಿದು ಮಲಗಿಸುವುದು, ಒಣಗಿದ ಮೇಲೆ ಸುಡುವುದು, ಬುಡಗಳ ನಡುವೆಯೇ ಗೋದಿಯನ್ನು ಬಿತ್ತುವುದು, ಕೊಯ್ಲಾದ ಮೇಲೆ ಕೂಳೆಯ ಜತೆಯಲ್ಲಿ ಎದ್ದ ಕುಡಿಗಳನ್ನೂ ಸುಡುವುದು. ಹೀಗೆ ಕೆಲವು ವರ್ಷ ಬಿಡದೆ ಮಾಡಿದರೆ ಗಡ್ಡೆಯೊಳಗಿನ ಆಹಾರ ತೀರಿ ಅದು ಸಾಯುವುದು. ಮುಂದೆ 1876ರಲ್ಲಿ ರಿಚರ್ಡ್ ಬೋಯರ್ ಸ್ಮಿತ್ ಎಂಬಾತನು, ಬುಡಕ್ಕೆ ತಾಗಿದೊಡನೆ ಕುಳವು ತಾನಾಗಿ ಮೇಲೆದ್ದು, ದಾಟಿದ ಮೇಲೆ ಮತ್ತೆ ನೆಲಕ್ಕಿಳಿಯುವ ನೇಗಿಲನ್ನು ಕಲ್ಪಿಸಿದನು. ಅವನ ತಮ್ಮ ಕ್ಲಾರೆನ್ಸ್ ಅದನ್ನು ಸುಧಾರಿಸಿದನು. ಈ ನೇಗಿಲು ಬಂದ ಬಳಿಕ ಮ್ಯಾಲಿ ಅಡವಿಗೆ ಉಳಿಗಾಲವಿಲ್ಲವಾಯಿತು. ಅಗೆದು ತೆಗೆದ ಗಡ್ಡೆಗಳು ಮೆಲ್ಬೋರ್ನ್, ಅಡಿಲೇಡ್ ಪಟ್ಟಣಗಳಲ್ಲಿ ಒಳ್ಳೆಯ ಸೌದೆಯೆಂದು ಮಾರಾಟವಾದುವು.

ಮೊದಲಿಗೆ ಗೋದಿ ಚೆನ್ನಾಗಿಯೇ ಬಂತು. ನಷ್ಟವು ತೋರಿದುದು ಮಕ್ಕಳ, ಮೊಮ್ಮಕ್ಕಳ ಕಾಲಕ್ಕೆ. ಬೇರಿನ ಹಿಡಿತ ತಪ್ಪಿದ ಮರಳು ಬರಗಾಲಗಳಲ್ಲಿ ಗಾಳಿಗೆ ಎದ್ದಿತು. 1930 ಮತ್ತು 1940ರ ದಶಕಗಳಲ್ಲಿ ಬೇಲಿಗಳೂ ದಾರಿಗಳೂ ಮರಳಿನಡಿ ಹೂತುವು. ಎಷ್ಟೋ ಕಾಲದ ಮೇಲೆ, 1983ರ ಫೆಬ್ರವರಿ 8ರಂದು, ಆ ಸೀಮೆಯ ಮೇಲ್ಮಣ್ಣು ದೊಡ್ಡ ಗೋಡೆಯಂತೆ ಎದ್ದು ಬಂದು ಮೆಲ್ಬೋರ್ನ್ ನಗರವನ್ನು ಹಗಲಿನಲ್ಲಿಯೇ ಕತ್ತಲೆ ಮಾಡಿತು.

ಎರಡನೆಯ ನಷ್ಟವು ಇದಕ್ಕಿಂತ ಗುಪ್ತವಾದುದು. ಮ್ಯಾಲಿಯ ಬೇರುಗಳು ಮಳೆಯ ನೀರನ್ನು ತಳಕ್ಕಿಳಿಯಗೊಡುತ್ತಿರಲಿಲ್ಲವೆಂದು ಮೇಲೆ ಹೇಳಿದೆಯಷ್ಟೆ. ಗೋದಿಯ ಬೇರು ಗಿಡ್ಡ. ಅದು ಹೊಲದಲ್ಲಿರುವುದೂ ಕೆಲವೇ ತಿಂಗಳು. ಆದುದರಿಂದ ಉಳಿದ ನೀರು ವರ್ಷವರ್ಷವೂ ಕೆಳಗಿಳಿದು ಅಂತರ್ಜಲವನ್ನು ಮೇಲೆತ್ತಿತು. ಆ ನೆಲದ ಆಳದಲ್ಲಿ ಸಾವಿರಾರು ವರ್ಷಗಳಿಂದ ಕೂಡಿದ್ದ ಉಪ್ಪು ನೀರಿನ ಜತೆಯಲ್ಲಿ ಮೇಲೆ ಬಂದು, ತಗ್ಗಿನ ಹೊಲಗಳು ಚೌಳಾದುವು. ಒಮ್ಮೆ ಚೌಳು ಕಟ್ಟಿದ ನೆಲವನ್ನು ಸರಿಪಡಿಸುವುದು ಎಷ್ಟು ಕಷ್ಟವೆಂಬುದನ್ನು ಕಾಲುವೆ ನೀರಾವರಿಯ ಎರೆನಾಡಿನವರಿಗೆ ಹೇಳಬೇಕಾದುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗೋದಿಯ ಸೀಮೆಯಲ್ಲಿ 1990ರ ದಶಕದಿಂದ ಈಚೆಗೆ ರೈತರು ಹೊಲಗಳ ನಡುವೆ ಸಾಲುಸಾಲಾಗಿ ಮ್ಯಾಲಿಯನ್ನೇ ನೆಡತೊಡಗಿದರು. ಅಜ್ಜಂದಿರು ಕೂಲಿ ಕೊಟ್ಟು ಕೀಳಿಸಿದುದನ್ನು ಮೊಮ್ಮಕ್ಕಳು ಕೂಲಿ ಕೊಟ್ಟು ನೆಡಿಸಬೇಕಾಯಿತು.

ಕಮಲಾಪುರದ ಮಡ್ಡಿ

ಈ ಅನುಭವವನ್ನು ಹಾಗೆಯೇ ಎತ್ತಿ ಕಲಬುರಗಿ ಜಿಲ್ಲೆಗೆ ಅನ್ವಯಿಸುವುದು ಸರಿಯಲ್ಲ. ಇಲ್ಲಿಯ ಮಳೆಯು ವರ್ಷಕ್ಕೆ ಸುಮಾರು 30 ಅಂಗುಲ, ಎಂದರೆ ಮ್ಯಾಲಿ ಸೀಮೆಯ ಎರಡರಷ್ಟು. ಆದರೆ ಅಲ್ಲಿ ಅದು ಹೆಚ್ಚಾಗಿ ಚಳಿಗಾಲದಲ್ಲಿ ತಂಪಿನ ಹೊತ್ತಿನಲ್ಲಿ ಬೀಳುವುದು. ಇಲ್ಲಿ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿ, ಅದೂ ಕೆಲವೇ ಬಿರುಮಳೆಗಳಲ್ಲಿ ಬಂದು ಹೋಗುವುದು. ಆ ಮೇಲೆ ಎಂಟು ತಿಂಗಳು ಒಣಗಾಲ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಆದುದರಿಂದ ಮಳೆಯ ಅಂಕೆ ದೊಡ್ಡದಾದರೂ ಮಡ್ಡಿಯ ಗಿಡಗಳ ಪಾಡು ಮ್ಯಾಲಿಯ ಪಾಡಿಗಿಂತ ಹಗುರವಲ್ಲ. ಅಲ್ಲಿ ಅಪಾಯವು ಉಪ್ಪಿನಿಂದ ಬಂತು. ಇಲ್ಲಿ ಅದು ಮಣ್ಣು ಕೊಚ್ಚಿಹೋಗುವುದರಿಂದ ಬರುವುದು. ಮಡ್ಡಿಯ ಮೇಲೆ ಮಣ್ಣಿರುವುದು ಹಲವು ಕಡೆ ಒಂದು ಗೇಣು ಮಾತ್ರ. ಕಂಟಿಯನ್ನು ಕಿತ್ತು ಇಳಿಜಾರಿಗೆ ಉತ್ತ ನೆಲದಿಂದ ಅಷ್ಟೂ ಹೋಗುವುದಕ್ಕೆ ಹೆಚ್ಚು ವರ್ಷಗಳು ಬೇಕಾಗುವುದಿಲ್ಲ. ಹೋದ ಮೇಲೆ ಉಳಿಯುವುದು ಕಲ್ಲು.

ಹೋಲಿಕೆಯಿರುವುದು ಬುಡದ ವಿಷಯದಲ್ಲಿ. ಮಡ್ಡಿಯ ಮೇಲಿನ ಗಿಡಗಳಲ್ಲಿ ಅನೇಕವು ಮ್ಯಾಲಿಯಂತೆಯೇ ನೆಲದೊಳಗೆ ಬಾಳುವಂತಹವು. ಮುತ್ತಲವನ್ನು ಎಷ್ಟು ಸಲ ಕಡಿದರೂ ಬೇರಿನಿಂದ ಕುಡಿ ಹೊರಡುವುದನ್ನು ಹೊಲದ ಬದುವಿನಲ್ಲಿ ಎಲ್ಲರೂ ಕಂಡಿರುವರು. ಬೀಡಿ ಎಲೆಯ ತುಮರಿಯೂ ಹಾಗೆಯೇ. ತಾಯಿಗಿಡದಿಂದ ದೂರದಲ್ಲಿಯೂ ಅದರ ಬೇರುಕುಡಿ ಮೇಲೇಳುವುದು. ತಂಗಡಿ, ಕವಳಿ, ಕಾಡುಬಾರಿ, ಕಾಡಾಗಿ ಹಬ್ಬಿದ ಸೀತಾಫಲ ಇವೆಲ್ಲವೂ ಕಡಿದ ಬುಡದಿಂದ ಚಿಗುರುವುವು. ದಿಂಡಗ, ಕಮರ ಮೊದಲಾದುವು ಹುಟ್ಟಿನಿಂದ ದೊಡ್ಡ ಮರಗಳು. ಕಡಿತಕ್ಕೂ ಆಡಿನ ಬಾಯಿಗೂ ಸಿಕ್ಕಿದ ಕಡೆ ಅವು ಮೊಣಕಾಲೆತ್ತರದ ಕಂಟಿಗಳಾಗಿ ಕುಳಿತಿರುವುವು. ಕಾಣದವರು ಇದನ್ನು ಪೊದೆ ಎನ್ನುವರು. ಅದು ವಾಸ್ತವವಾಗಿ ಏಳಲಾಗದ ಮರ. ಬಂದರಿಕೆಯ ವಿಷಯವು ಇನ್ನೂ ಸ್ವಾರಸ್ಯವಾದುದು: ಕಮಲಾಪುರದ ಕಲ್ಲುನೆಲದಲ್ಲಿ ಬೆಳೆಯುವ ಈ ಅಂಟೆಲೆಯ ಗಿಡದ ಜಾತಿಯೇ ಆಸ್ಟ್ರೇಲಿಯಾದ ಮ್ಯಾಲಿಯ ನಡುವೆಯೂ ಬೆಳೆಯುವುದು. ಸಮುದ್ರದಾಚೆಯ ಎರಡು ಕುರುಚಲುಗಳಿಗೂ ಇದೊಂದು ನೆಂಟತನವಿದೆ.

ಇವುಗಳ ಉಪಯೋಗವನ್ನು ಲೆಕ್ಕಕ್ಕೆ ಹಿಡಿಯದೆ ಮಡ್ಡಿಯನ್ನು ಬರಡೆನ್ನುವುದು ವಾಡಿಕೆ. ತಂಗಡಿಯ ತೊಗಟೆಯಿಂದ ಚರ್ಮ ಹದ ಮಾಡುವರು, ಅದರ ಸೊಪ್ಪು ಹಸುರುಗೊಬ್ಬರ. ಮುತ್ತಲದ ಎಲೆಯಿಂದ ಪತ್ರಾವಳಿ. ಕಾಡುಬಾರಿಯ ಎಲೆಯು ಕುರಿ ಆಡುಗಳಿಗೆ ಬೇಸಗೆಯ ಒಳ್ಳೆಯ ಮೇವು. ಬಂದರಿಕೆಯನ್ನೂ ಸೀತಾಫಲವನ್ನೂ ಆಡು ಸಾಮಾನ್ಯವಾಗಿ ಮುಟ್ಟದಾದುದರಿಂದ ಬದುವಿನ ಬೇಲಿಗೆ ಅವು ಅನುಕೂಲ. ಸೀತಾಫಲ, ಬಾರಿ, ಕವಳಿ ಹಣ್ಣುಗಳು ಕಲಬುರಗಿಯ ಪೇಟೆಗೆ ಬುಟ್ಟಿಯಲ್ಲಿ ಬರುವಾಗ ಅವುಗಳ ಹಿಂದೆ ಯಾವ ಗೊಬ್ಬರದ, ಯಾವ ಔಷಧದ ಖರ್ಚೂ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ನೀರು. ಕಮಲಾಪುರದ ಕೆಂಪು ಬಾಳೆಯು ಭೌಗೋಳಿಕ ಸೂಚಕವೆಂಬ ಮಾನ್ಯತೆಯನ್ನು ಪಡೆದ ಬೆಳೆ. ಉಳಿದ ಬಾಳೆಗಳಿಗಿಂತ ಎತ್ತರವಾಗಿ, ಹೆಚ್ಚು ಕಾಲ ಹೊಲದಲ್ಲಿ ನಿಂತು, ಆ ಕಾಲವೆಲ್ಲ ನೀರನ್ನು ಬೇಡುವುದು ಅದರ ಗುಣ. ತೋಟಗಳಿರುವುದು ದಿಬ್ಬಗಳ ನಡುವಣ ತಗ್ಗುಗಳಲ್ಲಿ. ಮಳೆ ಬೀಳುವುದು ತಗ್ಗಿನ ಮೇಲೂ ಹೌದು, ಸುತ್ತಲಿನ ಮಡ್ಡಿಯ ಮೇಲೂ ಹೌದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚಾಗುವುದು. ಐವತ್ತು ಎಕರೆಯ ಮಡ್ಡಿಯಲ್ಲಿ ಇಡೀ ವರ್ಷದ ಮಳೆಯಲ್ಲಿ ಇನ್ನೊಂದೇ ಅಂಗುಲ ಹೆಚ್ಚಾಗಿ ಇಂಗಿದರೆ ಐವತ್ತು ಲಕ್ಷ ಲೀಟರು ನೆಲದೊಳಗೆ ಸೇರಿದಂತೆ. ಉದುರಿದ ಎಲೆ, ಹುಲ್ಲಿನ ಬುಡ, ಸತ್ತ ಬೇರು ಬಿಟ್ಟುಹೋದ ಸಂದುಗಳು ಇವು ಹರಿವ ನೀರನ್ನು ತಡೆದು ಇಂಗಿಸುವುವು. ಬೋಳು ನೆಲವು ಬಿರುಮಳೆಯ ಹೊಡೆತಕ್ಕೆ ಮೇಲ್ಮುಖ ಗಟ್ಟಿಯಾಗಿ ನೀರನ್ನು ಹಳ್ಳಕ್ಕೆ ನೂಕುವುದು. ಆದಕಾರಣ ಮೇಲಿನ ಕುರುಚಲನ್ನು ಕಿತ್ತವನೊಬ್ಬ, ಬಾವಿ ಬತ್ತಿದವನು ಮತ್ತೊಬ್ಬ ಎಂಬಂತಾಗುವುದುಂಟು.

ನೀಲಗಿರಿಯ ಪ್ರಶ್ನೆ

ಹಾಗಾದರೆ ಕುರುಚಲನ್ನು ತೆಗೆದು ಬೋಳು ಬಿಡುವ ಬದಲು ನೀಲಗಿರಿಯನ್ನೇ ನೆಟ್ಟರೇನು ಎಂದು ಕೇಳಬಹುದು. ಕರ್ನಾಟಕಕ್ಕೆ ಈ ಮರ ಹೊಸದಲ್ಲ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದ ತೋಟಕ್ಕೆ ಬಂದ ನೀಲಗಿರಿಯೇ ಭಾರತದಲ್ಲಿ ಮೊದಲನೆಯದೆಂದು ಎಣಿಕೆ. 1843ರಿಂದ ನೀಲಗಿರಿ ಬೆಟ್ಟಗಳಲ್ಲಿ ನೆಟ್ಟದ್ದರಿಂದ ಕನ್ನಡದಲ್ಲಿ ಮರಕ್ಕೆ ಬೆಟ್ಟದ ಹೆಸರೇ ನಿಂತಿತು. ನಂದಿಯ ಮರಗಳ ಬೀಜದಿಂದ ಬಂದ ಮೈಸೂರು ತಳಿಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಯಲುಸೀಮೆಯ ನೆಡುತೋಪುಗಳಲ್ಲೆಲ್ಲ ಹಬ್ಬಿತು. ಆಡು ತಿನ್ನದು, ಕಾವಲು ಬೇಡ, ಏಳೆಂಟು ವರ್ಷಕ್ಕೆ ಕಡಿತ, ಕಡಿದರೆ ಕೂಳೆ ಎಂಬ ಗುಣಗಳು ರೈತರನ್ನು ಒಲಿಸಿದುವು. ಕಾಗದದ ಮತ್ತು ರೇಯಾನಿನ ಕಾರ್ಖಾನೆಗಳು ಮರವನ್ನು ಕೊಂಡುವು. ಕೋಲಾರದ ಸೀಮೆಯಲ್ಲಿ ರಾಗಿಯ ಹೊಲಗಳೇ ನೀಲಗಿರಿಯ ತೋಪುಗಳಾದುವು. ಇದಕ್ಕೆ ವಿರೋಧವೂ ಬೆಳೆಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಮಡಿಗಳಲ್ಲಿದ್ದ ನೀಲಗಿರಿಯನ್ನು ಕಿತ್ತರು. ಕಡೆಗೆ 2017ರಲ್ಲಿ ರಾಜ್ಯ ಸರಕಾರವು ನೀಲಗಿರಿಯನ್ನೂ ಅಕೇಶಿಯಾವನ್ನೂ ಹೊಸದಾಗಿ ನೆಡಕೂಡದೆಂದು ಆಜ್ಞೆ ಮಾಡಿತು.

ನೀಲಗಿರಿಯು ನೀರನ್ನು ಕುಡಿಯುವುದೆಂಬ ಮಾತನ್ನು ಕೆಲವರು ಅತಿಶಯವಾಗಿ ಹೇಳುವರು, ಕೆಲವರು ಪೂರ್ತಿಯಾಗಿ ಅಲ್ಲಗಳೆಯುವರು. ಕರ್ನಾಟಕದಲ್ಲಿಯೇ ನಡೆದ ಅಳತೆಗಳಿಂದ ತಿಳಿದುಬಂದುದು ಇವೆರಡರ ನಡುವಿನ ಮಾತು. ಶಿವಮೊಗ್ಗದ ಕಡೆಯಲ್ಲಿ, ಮಣ್ಣಿನ ಆಳ ಸುಮಾರು 10 ಅಡಿಯಿದ್ದ ನೆಲದಲ್ಲಿ ನೀಲಗಿರಿಯು ವೆಚ್ಚ ಮಾಡಿದ ನೀರು ಅಲ್ಲಿಯ ಸಹಜ ಒಣಕಾಡಿನ ವೆಚ್ಚಕ್ಕಿಂತ ಹೆಚ್ಚಾಗಿರಲಿಲ್ಲ. ಹೊಸಕೋಟೆಯ ಬಳಿ ಆಳವಾದ ಕೆಂಪು ಮಣ್ಣಿನಲ್ಲಿ ಮಾತ್ರ, ಮಳೆ ಕಡಮೆಯಾದ ವರ್ಷಗಳಲ್ಲಿ, ಬಿದ್ದ ಮಳೆಗಿಂತಲೂ ಹೆಚ್ಚಿನ ನೀರನ್ನು ಮರಗಳು ತೆಗೆದುಕೊಂಡುವು. ಬೇರುಗಳು ವರ್ಷಕ್ಕೆ 8 ಅಡಿಗೂ ಮೇಲ್ಪಟ್ಟು ಕೆಳಗಿಳಿದು, ಹಿಂದಿನ ವರ್ಷಗಳ ನೀರಿನ ಸಂಗ್ರಹವನ್ನು ತಲುಪಿದ್ದುವು. ಮ್ಯಾಲಿಯ ಸೀಮೆಯಲ್ಲಿ ಆಳದ ಬೇರೇ ನೆಲವನ್ನು ಉಪ್ಪಿನಿಂದ ಕಾಯ್ದಿತೆಂಬುದನ್ನು ನೋಡಿದೆವಷ್ಟೆ. ಅದೇ ಗುಣವು ಬಾವಿಯನ್ನು ನಂಬಿದ ಸೀಮೆಯಲ್ಲಿ ದೋಷವಾಗುವುದು. ಗಿಡವು ಒಂದೇ, ನೆಲವೂ ಬೇಸಾಯದ ಅಗತ್ಯವೂ ಬೇರೆ.

ಕಮಲಾಪುರದ ಕಡೆಗೆ ಇದನ್ನು ಹೊಂದಿಸಿ ನೋಡಿದರೆ, ಆಳವಾದ ಎರೆಯಲ್ಲಿ ಬೇಸಗೆಯ ಬಿರುಕುಗಳು ಎಳೆಯ ಬೇರನ್ನು ಹರಿಯುವುದರಿಂದ ನೀಲಗಿರಿಯು ಚೆನ್ನಾಗಿ ಏಳದು. ತೆಳುವಾದ ಮಡ್ಡಿಯಲ್ಲಿ ನೀರು ಸಾಲದೆ ಗಿಡ್ಡಾಗಿ ನಿಲ್ಲುವುದು. ಆಳವಾದ ಕೆಂಪು ಮಣ್ಣು ಸಿಕ್ಕುವುದು ತಗ್ಗುಗಳಲ್ಲಿ, ಎಂದರೆ ಬಾಳೆಯ ಬಾವಿಗಳ ಪಕ್ಕದಲ್ಲಿ. ಇವು ಮೂರರಲ್ಲಿ ಯಾವುದೂ ಅದಕ್ಕೆ ತಕ್ಕ ಸ್ಥಳವಲ್ಲ. ಹಳೆಯ ತೋಪನ್ನು ತೆಗೆಯಬೇಕೆನ್ನುವವರು ಮರವನ್ನು ಕಡಿದು ಸುಮ್ಮನಿರಬಾರದು. ಕೂಳೆ ಏಳುವುದು ಖಂಡಿತ. ಬುಡವನ್ನು ಗಡ್ಡೆಯ ಕೆಳಗಿನವರೆಗೆ ಅಗೆದು ತೆಗೆಯತಕ್ಕದ್ದು. ಅಗೆಯಲಾಗದಿದ್ದರೆ ಎದ್ದ ಕುಡಿಗಳನ್ನು ಗೇಣುದ್ದವಾಗುವುದರೊಳಗೆ ಮುರಿಯುತ್ತಿರಬೇಕು. ಮಲೆನ್ಸನ ಉಪಾಯದ ತತ್ತ್ವವು ಇಲ್ಲಿ ಕೆಲಸಕ್ಕೆ ಬರುವುದು, ಬೆಂಕಿ ಮಾತ್ರ ಬೇಡ. ತೆರವಾದ ನೆಲಕ್ಕೆ ಮೊದಲ ವರ್ಷ ಸಣಬನ್ನು ಬಿತ್ತಿ ಮಣ್ಣಿಗೆ ಸೇರಿಸಿ, ಆ ಮೇಲೆ ತೊಗರಿಯನ್ನು ಹಾಕುವುದು ಮೇಲು.

ಕುಡಿಯನ್ನು ಮರವಾಗಿಸುವ ಕ್ರಮ

ಆಫ್ರಿಕದ ನೈಜರ್ ದೇಶದ ಮರಾಡಿ ಎಂಬ ಸೀಮೆಯು ಸಜ್ಜೆ ಜೋಳಗಳ ನಾಡು. ಅಲ್ಲಿಯೂ ಬೇಸಗೆಯ ಮಳೆ, ಉದ್ದನೆಯ ಒಣಗಾಲ, ಆಡುಗಳ ಹಾವಳಿ. 1980ರ ದಶಕದ ಮೊದಲಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿತಜ್ಞನು ಅಲ್ಲಿ ಸಸಿ ನೆಡಿಸುವ ಕೆಲಸದಲ್ಲಿದ್ದನು. ನೆಟ್ಟವುಗಳಲ್ಲಿ ಬಹುಭಾಗ ಒಣಗಿಹೋಗುತ್ತಿದ್ದುವು. 1983ರಲ್ಲಿ ಒಂದು ದಿನ, ಹೊಲಗಳಲ್ಲಿ ಎಲ್ಲೆಲ್ಲೂ ಇದ್ದ ಸಣ್ಣ ಪೊದೆಗಳ ಎಲೆಯನ್ನು ಹತ್ತಿರದಿಂದ ನೋಡಿದಾಗ, ಅವು ಪೊದೆಗಳಲ್ಲ, ಹಿಂದೆ ಕಡಿದ ಮರಗಳ ಜೀವಂತ ಬುಡಗಳೆಂದು ಆತನಿಗೆ ತಿಳಿಯಿತು. ಕಾಡು ನೆಲದೊಳಗೇ ಇತ್ತು. ಕುಡಿಗಳಲ್ಲಿ ಬಲವಾದುವನ್ನು ಉಳಿಸಿ ಮಿಕ್ಕುವನ್ನು ಸವರಿ ಕಾಯುವುದನ್ನು ರೈತರು ಒಬ್ಬರಿಂದೊಬ್ಬರು ಕಲಿತರು. ಸುಮಾರು 20 ವರ್ಷಗಳಲ್ಲಿ ಆ ದೇಶದಲ್ಲಿ 50 ಲಕ್ಷ ಹೆಕ್ಟೇರುಗಳಷ್ಟು ನೆಲದಲ್ಲಿ ಮರಗಳು ಮರಳಿ ಎದ್ದುವು. ಈ ಕೆಲಸಕ್ಕಾಗಿ ಆತನಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಹೊಸ ಸಸಿಗೆ ಬೇರಿಲ್ಲ, ಹಳೆಯ ಬುಡಕ್ಕೆ ಬೇರು ಇದ್ದೇ ಇದೆ ಎಂಬುದೇ ಇದರ ರಹಸ್ಯವೆಲ್ಲ.

ಕಮಲಾಪುರದ ಸುತ್ತಿನ ರೈತರು ತಮ್ಮ ಸ್ವಂತ ಮಡ್ಡಿಯಲ್ಲಿ ಇದನ್ನು ಒಂದೆರಡು ಎಕರೆಯ ಮಟ್ಟಿಗೆ ಮಾಡಿ ನೋಡಬಹುದು. ಗಾಯರಾಣದಲ್ಲಿ ಗ್ರಾಮ ಪಂಚಾಯತಿಯ ಮತ್ತು ಕಂದಾಯ ಇಲಾಖೆಯ ಒಪ್ಪಿಗೆಯಿಲ್ಲದೆಯೂ, ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆಯೂ ಕತ್ತಿಯನ್ನು ಹಾಕಕೂಡದು. ಸ್ವಂತ ನೆಲದಲ್ಲಿಯೂ ಬೆಳೆದ ಮರವನ್ನು ಕಡಿಯುವುದಕ್ಕೆ 1976ರ ಮರಗಳ ಸಂರಕ್ಷಣೆಯ ಕಾಯ್ದೆ ಅನ್ವಯಿಸುವುದು; ಕುಡಿ ಸವರುವುದಕ್ಕೆ ಮೊದಲು ವಿಚಾರಿಸಿಕೊಳ್ಳುವುದು ಜಾಣತನ.

ದೀಪಾವಳಿ ಕಳೆದು ಎಲೆಯಿನ್ನೂ ಗಿಡದ ಮೇಲಿರುವಾಗಲೇ ಮಡ್ಡಿಯನ್ನು ಸುತ್ತಿ ಯಾವ ಬುಡ ಯಾವ ಜಾತಿಯದೆಂದು ಗುರುತು ಹಾಕಬೇಕು. ಎಲೆ ಉದುರಿದ ಮೇಲೆ ಜಾತಿ ತಿಳಿಯುವುದು ಕಷ್ಟ. ಊರಿನ ಕುರಿಗಾರರನ್ನು ಜತೆಗೆ ಕರೆದೊಯ್ದರೆ ಈ ಕೆಲಸವು ಅರ್ಧಕ್ಕರ್ಧ ಹಗುರವಾಗುವುದು. ಯಾವ ಗಿಡ ಎಲ್ಲಿದೆಯೆಂಬುದನ್ನು ಅವರಷ್ಟು ಬಲ್ಲವರಿಲ್ಲ. ಎಕರೆಗೆ ಇಷ್ಟೇ ಬುಡಗಳಿರಬೇಕೆಂಬ ನಿಯಮವಿಲ್ಲ. 15ರಿಂದ 20 ಅಡಿಗೊಂದು ಮರದ ಬುಡ ಸಿಕ್ಕಿದರೆ ಅದೇ ಭಾಗ್ಯ. ನಡುವಣ ತಂಗಡಿ ಬಂದರಿಕೆಗಳನ್ನು ಮುಟ್ಟದೆ ಬಿಡತಕ್ಕದ್ದು. ಅವು ಎಳೆಯ ಕುಡಿಗೆ ನೆರಳೂ ಆಗುವುವು, ಮರೆಯೂ ಆಗುವುವು. ಬಳ್ಳಾರಿ ಜಾಲಿ ಮತ್ತು ಲಂಟಾನದ ಮಾತು ಬೇರೆ. ಇವೂ ಹೊರಗಿನಿಂದ ಬಂದವೇ. ಬುಡದಿಂದ ಚಿಗುರುವುದರಲ್ಲಿ ಯಾರಿಗೂ ಸೋಲದ ಇವು ಇತರ ಗಿಡಗಳಿಗೆ ಎಡೆಗೊಡುವುದಿಲ್ಲ. ಇವನ್ನು ಮಾತ್ರ ಬೇರುಸಹಿತ ತೆಗೆಯಬೇಕು, ಅದೂ ಒಮ್ಮೆಗೇ ಎಲ್ಲವನ್ನೂ ಕಿತ್ತು ನೆಲವನ್ನು ಬೋಳು ಮಾಡದೆ, ಮೂರು ನಾಲ್ಕು ವರ್ಷಗಳಲ್ಲಿ ಪಟ್ಟಿಪಟ್ಟಿಯಾಗಿ.

ಬುಡದಲ್ಲಿ ಎದ್ದ ಹತ್ತಿಪ್ಪತ್ತು ಕುಡಿಗಳಲ್ಲಿ ನೆಟ್ಟಗೂ ದಪ್ಪವಾಗಿಯೂ ಇದ್ದು, ನೆಲಕ್ಕೆ ಹತ್ತಿರವಾಗಿ ಹುಟ್ಟಿದ ಮೂರು ನಾಲ್ಕನ್ನು ಉಳಿಸಿ, ಮಿಕ್ಕುವನ್ನು ಹರಿತವಾದ ಕುಡುಗೋಲಿನಿಂದ ಕೆಳಗಿನಿಂದ ಮೇಲಕ್ಕೆ ಎಳೆದು ಕೊಯ್ಯಬೇಕು. ಮೇಲಿನಿಂದ ಹೊಡೆದರೆ ತೊಗಟೆ ಸೀಳಿ ಬುಡ ಕೊಳೆಯುವುದು. ಉಳಿಸಿದ ಕುಡಿಗಳ ಕೆಳಗಿನ ಅರ್ಧಭಾಗದ ಸಣ್ಣ ರೆಂಬೆಗಳನ್ನೂ ಸವರುವುದು ಲೇಸು. ಮಾಘ, ಫಾಲ್ಗುಣಗಳು ಇದಕ್ಕೆ ತಕ್ಕ ಕಾಲ. ಕೊಯ್ದ ಸೊಪ್ಪನ್ನು ಅಲ್ಲಿಯೇ ಹರಡಿ, ಮುಳ್ಳಿನ ರೆಂಬೆಗಳನ್ನು ಬುಡದ ಸುತ್ತ ಒಟ್ಟಿದರೆ ಬೇಲಿಯ ಖರ್ಚು ಉಳಿಯುವುದು. ಇಳಿಜಾರಿಗೆ ಅಡ್ಡವಾಗಿ ಬಿದ್ದಿರುವ ಕಲ್ಲುಗಳನ್ನು ಸಾಲಾಗಿ ಕೂಡಿಸಿಟ್ಟರೆ ಮೇಲಿನಿಂದ ಬಂದ ಮಣ್ಣು ಅಲ್ಲಿಯೇ ನಿಲ್ಲುವುದು.

ಎಲ್ಲಕ್ಕಿಂತ ಕಷ್ಟವಾದುದು ಆಡಿನ ಕಾವಲು. ಆಡಿರುವ ಮನೆಗಳು ಹೆಚ್ಚಾಗಿ ಹೊಲವಿಲ್ಲದವರವೇ. ಮಡ್ಡಿಯನ್ನು ಮುಚ್ಚಿದರೆ ಮೊದಲು ತೊಂದರೆಗೊಳಗಾಗುವವರು ಅವರು. ಆದುದರಿಂದ ಊರಿನ ಮಡ್ಡಿಯನ್ನೆಲ್ಲ ಒಂದೇ ಸಲ ಮುಚ್ಚದೆ ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಎರಡು ಮಳೆಗಾಲ ಮುಚ್ಚಿ, ಮೂರು ಪಾಲನ್ನು ತೆರೆದಿಡುವುದು ನ್ಯಾಯವಾದ ಕ್ರಮ. ಮುಚ್ಚಿದ ಪಾಲಿನ ಹುಲ್ಲನ್ನು ಕೊಯ್ದು ಒಯ್ಯುವುದಕ್ಕೆ ಆಡಿನವರಿಗೇ ಮೊದಲ ಹಕ್ಕನ್ನು ಕೊಡತಕ್ಕದ್ದು. ಕುಡಿಗಳು ಆಡು ಮುಂಗಾಲೆತ್ತಿ ನಿಂತರೂ ಎಟುಕದಷ್ಟು ಎತ್ತರವಾದ ಮೇಲೆ ಆ ಪಾಲನ್ನು ಬಿಟ್ಟು ಮುಂದಿನದನ್ನು ಮುಚ್ಚಬಹುದು. ಮೊದಲ ವರ್ಷ ಸವರಿದ ಕಡ್ಡಿಯು ಒಲೆಗೆ ಬರುವುದು. ಮೂರನೆಯ ವರ್ಷ ಉಳಿದ ಮೂರು ಕುಡಿಗಳಲ್ಲಿ ಒಂದನ್ನು ಕಡಿದರೆ ಗುಡಿಸಲಿನ ಗಳುವಿಗೋ ಬೇಲಿಯ ಗೂಟಕ್ಕೋ ಆಗುವುದು. ಅದರ ಜಾಗದಲ್ಲಿ ಹುಟ್ಟುವ ಹೊಸ ಕುಡಿಗಳಲ್ಲಿ ಒಂದನ್ನು ಮತ್ತೆ ಆರಿಸಿ ಬಿಡಬೇಕು.